ಎರಡು ಸಲ ಎಳೆದ ಹಗ್ಗ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಅದರಿಂದ ಪೆನ್ನು ಜಾರಿ ಗೆರೆ ದಾಟುತ್ತದೆ. ಮಾತುಗಳೂ ನನಗೆ ಹೆಚ್ಚು ಗೊತ್ತಿಲ್ಲ. ಹತ್ತನೇ ತರಗತಿ ಮುಗಿಸಿದವಳಲ್ಲ. ತಪ್ಪಿದ ಕಡೆ ಗೀಚಿ ಮುಚ್ಚದೆ, ಒಂದೇ ಗೆರೆ ಹೊಡೆದು ಮೇಲೆ ಸರಿಯಾದದ್ದನ್ನು ಬರೆದಿದ್ದೇನೆ. ಓದುವವರು ದಯವಿಟ್ಟು ಹೊಂದಿಸಿಕೊಳ್ಳಬೇಕು.

ನಮ್ಮ ಪಂಚಾಯಿತಿ ಲೈಬ್ರರಿಯ ಗುರುಶಾಂತಮ್ಮ ಮೇಡಂ, ಊರಿನ ಸಾಮಾನ್ಯ ಜನರ ಜೀವನವನ್ನು ಊರಿನವರೇ ಬರೆದು ಒಂದು ಪುಸ್ತಕ ಮಾಡೋಣ ಅಂದರು. ನಾನು ನನ್ನ ಚಿಕ್ಕಪ್ಪ ಹೊನ್ನೇಶ್ ಬಗ್ಗೆ ಬರೆಯುತ್ತೇನೆ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಮೇಡಂ ಚೀಟಿ ಓದಿ, ಮಡಚಿ ರಿಜಿಸ್ಟರಿನೊಳಗೆ ಇಟ್ಟರು. ಆಮೇಲೆ, "ಬರಿಯಮ್ಮ ಅಕ್ಷತಾ. ಆದ್ರೆ ಇದ್ದದ್ದು ಇದ್ದ ಹಾಗೆ ಬರಿ" ಅಂದರು.

ಚಿಕ್ಕಪ್ಪನ ಬಗ್ಗೆ ಊರಲ್ಲಿ ಈಗ ಇರುವ ಮಾತು ಒಂದೇ. ಎಚ್ಚರ ತಪ್ಪಿ ನಾಲೆಗೆ ಅಡ್ಡ ಕಟ್ಟಿದ್ದ ತಂತಿಯ ಮೇಲೆ ಜಾರಿ ಬಂದು ಸೊಂಟ ಮುರಿದುಕೊಂಡ, ಅಂತ. ಕುಡಿದಿದ್ದ ಅನ್ನುವವರೂ ಇದ್ದಾರೆ. ನನ್ನ ಬಗ್ಗೆ ಇರುವ ಮಾತು ಬೇರೆ. ಪಾಪ ಆ ಹುಡುಗಿ ಕೈ ಸುಟ್ಟುಕೊಂಡು ಹಗ್ಗ ಹಿಡಿದಳು, ಇಲ್ಲದಿದ್ದರೆ ಅವನು ಅಲ್ಲೇ ಹೋಗುತ್ತಿದ್ದ, ಅಂತ. ಎರಡು ಮಾತೂ ಸರಿಯಲ್ಲ. ಆವತ್ತು ಹಗ್ಗದ ಈ ತುದಿಯಲ್ಲಿ ನಾನೊಬ್ಬಳೇ ಇದ್ದೆ. ಆದ್ದರಿಂದ ಇದನ್ನು ಸರಿ ಮಾಡಬೇಕಾದವಳೂ ನಾನೇ.

ಚಿಕ್ಕಪ್ಪನಿಗೆ ಈಗ ನಲವತ್ತೆರಡು ವರ್ಷ. ನನ್ನ ಅಪ್ಪನ ತಮ್ಮ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಊರು ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ ಇದೆ. ತೆಂಗು ಹೆಚ್ಚು. ನಮ್ಮ ತಾತ ಮಂಜಪ್ಪ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಬರಿಮೈಯಲ್ಲಿ ಮರ ಹತ್ತುತ್ತಿದ್ದರಂತೆ. ಅವರ ಎದೆಯ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು ಅಂತ ಅಪ್ಪ ಹೇಳುತ್ತಾರೆ. ಚಿಕ್ಕಪ್ಪ ಹದಿಮೂರನೇ ವರ್ಷಕ್ಕೇ ತಾತನ ಹಿಂದೆ ಹತ್ತಲು ಶುರು ಮಾಡಿದವರು.

ತಾತ ಕಲಿಸಿದ ಒಂದು ಪದ್ಧತಿಯನ್ನು ಅವರು ಒಂದು ದಿನವೂ ಬಿಟ್ಟವರಲ್ಲ. ಹತ್ತುವ ಮೊದಲು ಮರವನ್ನು ಒಂದು ಸುತ್ತು ಬಂದು, ಕುಡುಗೋಲಿನ ಹಿಂಭಾಗದಿಂದ ಮೂರು ಕಡೆ ಬಡಿದು, ಕಿವಿ ಹಚ್ಚಿ ಕೇಳುವುದು. ಹುಳು ತಿಂದು ಒಳಗೆ ಟೊಳ್ಳಾಗಿದ್ದರೆ ಸದ್ದು ಬೇರೆ ಬರುತ್ತದೆ. ನಿನ್ನೆ ಹತ್ತಿದ ಮರವಾದರೂ ಇವತ್ತು ಬಡಿದೇ ಹತ್ತುವುದು. ತೋಟದ ಮಾಲೀಕರಾದ ಷಡಕ್ಷರಿಯವರು ಒಂದು ಸಲ ರೇಗಿಬಿಟ್ಟರು.

"ಏನೋ ಹೊನ್ನೇಶ, ಮರ ಹತ್ತೀಯೋ ಇಲ್ಲಾ ನಾಡಿ ಹಿಡ್ಕೊಂಡ್ ನಿಂತಿರ್ತೀಯೋ? ಹೊತ್ತು ನೆತ್ತಿಗ್ ಬಂತು."

"ನೀವು ಮೋಟ್ರು ಮುಟ್ಟೋಕ್ ಮುಂಚೆ ಟೆಸ್ಟರ್ ಇಡಲ್ವಾ ಸ್ವಾಮಿ? ಹಂಗೇ ಇದು."

"ನಾನ್ ಇಡಲ್ಲ ಕಣೋ."

"ಅದ್ಕೇ ಹೋದ್ ವರ್ಷ ಬದಿನ್ ಮೇಲಿಂದ ಆ ಕಡೆಗ್ ಹಾರಿದ್ರಿ."

ಷಡಕ್ಷರಿಯವರಿಗೂ ನಗು ಬಂತು. ಅವರಿಗೆ ಶಾಕ್ ಹೊಡೆದದ್ದು ಊರಿಗೆಲ್ಲ ಗೊತ್ತಿತ್ತು.

ಎಂಟು ವರ್ಷದ ಹಿಂದೆ ಚಿಕ್ಕಪ್ಪ ಆರು ದಿನದ ತರಬೇತಿಗೆ ಹೋಗಿ ಮರ ಹತ್ತುವ ಯಂತ್ರ ತಂದರು. ಎರಡು ಕಬ್ಬಿಣದ ಚೌಕಟ್ಟು, ಒಂದೊಂದಕ್ಕೂ ಕಾಲಿಡುವ ಪೆಡಲ್ಲು, ಮರವನ್ನು ತಬ್ಬುವ ಉಕ್ಕಿನ ಕುಣಿಕೆ. ಸೊಂಟಕ್ಕೆ ಅಗಲವಾದ ಬೆಲ್ಟು, ತಲೆಗೆ ಹಳದಿ ಹೆಲ್ಮೆಟ್ಟು. ಚಿಕ್ಕಮ್ಮ ಯಲ್ಲಮ್ಮ ಅದನ್ನು ನೋಡಿ, "ಬೈಕೇ ಇಲ್ಲ, ಹೆಲ್ಮೆಟ್ ಬಂತು" ಅಂದರು. ಸರ್ಟಿಫಿಕೇಟನ್ನು ಬುದ್ಧನ ಪಟದ ಪಕ್ಕ ಮೊಳೆ ಹೊಡೆದು ಹಾಕಿದರು.

ಆಮೇಲೆ ದೇವನೂರಿನಿಂದ, ಲಕ್ಕವಳ್ಳಿಯಿಂದ ಮರ ಹತ್ತುವವರು ತಮ್ಮ ಬೆಲ್ಟು, ಹಗ್ಗಗಳನ್ನು ತಂದು ಇವರಿಗೆ ತೋರಿಸಿ ಹೋಗುವುದು ರೂಢಿಯಾಯಿತು. ಚಿಕ್ಕಪ್ಪ ಹೊಲಿಗೆ ಹೊಲಿಗೆಯನ್ನೂ ಉಗುರಿನಿಂದ ಕೆದಕಿ ನೋಡುವರು. ಸಡಿಲವಾದದ್ದನ್ನು ಮೇಣ ಹಚ್ಚಿದ ದಾರದಲ್ಲಿ ಹೊಲಿಯುವರು. ಹೊಲಿದ ಮೇಲೆ ಬೆಲ್ಟನ್ನು ಮನೆ ಮುಂದಿನ ಹಲಸಿನ ಕೊಂಬೆಗೆ ಕಟ್ಟಿ, ತಾವೇ ಅದರಲ್ಲಿ ಜೋತುಬಿದ್ದು, ಚಿಕ್ಕಮ್ಮನ ಕೈಯಿಂದ ಟೀ ಲೋಟ ಇಸಿದುಕೊಂಡು, ಟೀ ಮುಗಿಯುವವರೆಗೆ ಹಾಗೇ ತೂಗಾಡುವರು. ಇಳಿದು, "ಈಗ ಹಾಕ್ಕೋ" ಅಂತ ಕೊಡುವರು. ಅವರು ಜೋತುಬಿದ್ದ ಬೆಲ್ಟನ್ನು ಯಾರೂ ಎರಡನೇ ಸಲ ಪರೀಕ್ಷಿಸುತ್ತಿರಲಿಲ್ಲ.

ನಾನು ಅವರ ಜೊತೆ ಕೆಲಸಕ್ಕೆ ಹೋದದ್ದು ಶಾಲೆ ಬಿಟ್ಟ ಮೇಲೆ. ಬಿಟ್ಟ ಕಾರಣ ಬರೆಯಲು ನಾಚಿಕೆಯಾಗುತ್ತದೆ. ಹಾಜರಿ ಕರೆಯುವಾಗ ನಾನು ಹೇಳಿದ್ದು ಮುಂದಕ್ಕೆ ಕೇಳಿಸುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಎದ್ದು ಹೋಗಿ ನಾನು ಬಂದಿದ್ದೇನೆ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಹತ್ತನೇ ತರಗತಿಯ ಕೊನೆಗೆ, ಹಾಜರಿ ಸಾಲದು, ಅಪ್ಪನನ್ನು ಕರೆದುಕೊಂಡು ಬಾ ಅಂದರು. ಅಪ್ಪ ಗಾರೆ ಕೆಲಸಕ್ಕೆ ಕಡೂರಿಗೆ ಹೋಗಿದ್ದರು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನದಿಂದ ಶಾಲೆಗೂ ಹೋಗಲಿಲ್ಲ. ಎಲ್ಲರೂ ಬೈದರು. ಚಿಕ್ಕಪ್ಪ ಮಾತ್ರ, "ಮನೇಲ್ ಕೂತು ಏನ್ ಮಾಡ್ತೀಯ, ಬಾ, ಹಗ್ಗ ಹಿಡಿ" ಅಂದರು.

ಅಡಿಕೆ ಕೊಯ್ಲಿನ ಕಾಲದಲ್ಲಿ ನಾವು ಲಕ್ಕವಳ್ಳಿ ಕಡೆಗೆ ಹೋಗುತ್ತಿದ್ದೆವು. ಅಲ್ಲಿ ಅಡಿಕೆಯ ಕೊನೆಯನ್ನು, ಅಂದರೆ ಗೊನೆಯನ್ನು, ಮೇಲಿಂದ ಎಸೆಯುವುದಿಲ್ಲ, ಎಸೆದರೆ ಕಾಯಿ ಉದುರಿ ಚೆಲ್ಲಿಹೋಗುತ್ತದೆ. ಮರದ ತುದಿಯಿಂದ ನೆಲಕ್ಕೆ ಓರೆಯಾಗಿ ಹಗ್ಗ ಎಳೆದು, ಅದರ ಮೇಲೆ ಕೊನೆಯನ್ನು ಜಾರಿ ಬಿಡುತ್ತಾರೆ. ಕೆಳಗೆ ಹಗ್ಗ ಹಿಡಿದವರು, ಕೊನೆ ಹತ್ತಿರ ಬಂದಾಗ ಹಗ್ಗವನ್ನು ತುಸು ಸಡಿಲ ಬಿಟ್ಟು ಅದರ ಓಟ ಮುರಿಯಬೇಕು. ಪ್ರತಿ ಕೊನೆಗೂ ಮೇಲಿನವರು "ಹೋ" ಅಂತ ಕೂಗುತ್ತಾರೆ, ಕೆಳಗಿನವರು "ಬಿಡೂ" ಅಂತ ಕೂಗಬೇಕು. ಆ ಕೂಗು ಬರದೆ ಮೇಲಿನವರು ಬಿಡುವ ಹಾಗಿಲ್ಲ.

ಮೊದಲ ದಿನ ನಾನು ಕೂಗಿದ್ದು ಅರ್ಧ ಮರಕ್ಕೂ ಏರಲಿಲ್ಲ. ಚಿಕ್ಕಪ್ಪ ಕೊನೆ ಹಿಡಿದುಕೊಂಡು ಮೇಲೇ ಕಾದರು. ಪಕ್ಕದ ಮರದಲ್ಲಿದ್ದ ಹಾಲೇಶ ಅನ್ನುವವರು, "ಏನ್ ಹೊನ್ನೇಶಣ್ಣಾ, ಕೆಳಗ್ ಯಾರಾದ್ರೂ ಅವ್ರಾ, ಇಲ್ಲಾ ಹಗ್ಗ ತಾನೇ ನಿಂತೈತಾ?" ಅಂತ ಕೇಳಿದರು. ತೋಟದವರೆಲ್ಲ ನಕ್ಕರು. ನನಗೆ ಅಳು ಬಂತು. ಚಿಕ್ಕಪ್ಪ ಇಳಿದು ಬಂದು ನನ್ನ ಪಕ್ಕ ಕೂತರು.

"ಕೂಗ್ಬೇಡ ಬಿಡು. ಹಗ್ಗಾನ ಎಲ್ಡು ಸಲ ಎಳಿ. ನಂಗ್ ಮೇಲ್ ಗೊತ್ತಾಯ್ತದೆ. ಎಲ್ಡು ಎಳೆತ ಬಂದ್ರೆ ನಾನ್ ಬಿಡ್ತೀನಿ. ಬರ್ಲಿಲ್ವಾ, ಸಂಜೆ ತನಕ ಬೇಕಾದ್ರೂ ಅಲ್ಲೇ ಕೂತಿರ್ತೀನಿ. ಆಯ್ತಾ?"

ಆವತ್ತಿನಿಂದ ನಮ್ಮಿಬ್ಬರ ನಡುವೆ ಅದೇ ಮಾತು. ಬೇರೆ ಯಾರೂ ಹೀಗೆ ಮಾಡುವುದಿಲ್ಲ. ಎಲ್ಲರೂ ಕೂಗುತ್ತಾರೆ. ಇದು ನನ್ನೊಬ್ಬಳಿಗಾಗಿ ಅವರು ಮಾಡಿಕೊಂಡ ಪದ್ಧತಿ.

ಇನ್ನು ನಾಲೆಯ ವಿಷಯ. ಹೊಸ ನಾಲೆ ನಮ್ಮ ಊರಿಗೂ ಷಡಕ್ಷರಿಯವರ ತೋಟಕ್ಕೂ ನಡುವೆ ಹಾದುಹೋಗುತ್ತದೆ. ಅಲ್ಲಿ ದಿಣ್ಣೆ ಇರುವುದರಿಂದ ಆಳವಾಗಿ ಕಡಿದಿದ್ದಾರೆ. ಸೇತುವೆ ಎರಡೂವರೆ ಕಿಲೋಮೀಟರ್ ಆಚೆ. ನೀರು ಬಿಡುವ ಮೊದಲು ಎಲ್ಲರೂ ಈ ಇಳಿಜಾರಿನಲ್ಲಿ ಇಳಿದು, ಆ ಇಳಿಜಾರಿನಲ್ಲಿ ಹತ್ತಿ ದಾಟುತ್ತಿದ್ದರು. ನನ್ನ ಅಜ್ಜಿ ಮಾರಮ್ಮನೂ ಹಾಗೇ ದಾಟುತ್ತಿದ್ದರು. ಚಿಕ್ಕಪ್ಪ ಕೆಡವಿದ ಕಾಯಿಯನ್ನು ಅಜ್ಜಿ, ಚಿಕ್ಕಮ್ಮ, ನಾನು ಹೊತ್ತು ಈಚೆ ದಡದ ರಸ್ತೆಗೆ ತರುತ್ತಿದ್ದೆವು. ಒಂದು ಮಧ್ಯಾಹ್ನ ಮೂಟೆ ಹೊತ್ತು ಇಳಿಯುವಾಗ ಅಜ್ಜಿಯ ಕಾಲು ಜಾರಿತು. ನಾನು ಅವರ ಹಿಂದೆ ಇದ್ದೆ. ಕಾಯಿಗಳು ಉರುಳಿ ಹೋಗುವ ಸದ್ದು ಮೊದಲು ಕೇಳಿಸಿತು.

ತೊಡೆಯ ಮೂಳೆ ಮುರಿದಿತ್ತು. ಎಪ್ಪತ್ತು ದಿನ ಮಲಗಿದ್ದು ಅಜ್ಜಿ ತೀರಿಹೋದರು. ಕೊನೆಕೊನೆಗೆ ಅವರಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಬಂದವರನ್ನೆಲ್ಲ, "ಕಾಯಿ ಎಲ್ಲಾ ಆಯ್ಕೊಂಡ್ರಾ?" ಅಂತ ಕೇಳುತ್ತಿದ್ದರು. ಚಿಕ್ಕಪ್ಪ ಪ್ರತಿ ಸಲವೂ, "ಆಯ್ಕೊಂಡ್ವಿ ಕಣವ್ವ, ಒಂದೂ ಬಿಟ್ಟಿಲ್ಲ" ಅನ್ನುತ್ತಿದ್ದರು.

ಅಜ್ಜಿಯ ಕಾರ್ಯ ಮುಗಿದ ಮೇಲೆ ಒಂದು ದಿನ ನಾಲೆಯ ದಡದಲ್ಲಿ ನಿಂತು ನನಗೆ ಹೇಳಿದರು. "ಇನ್ಮೇಲೆ ತಲೆ ಮೇಲೆ ಹೊರೆ ಇಟ್ಕೊಂಡು ಯಾರೂ ಇಲ್ಲಿ ಇಳೀಬಾರ್ದು ಕಣೇ. ಅಡಿಕೆ ಕೊನೆ ಹೆಂಗ್ ಬತ್ತದೆ, ಹಂಗೇ ಕಾಯೂ ಬರ್ಲಿ."

ಹೀಗೆ ಆ ತಂತಿಯ ಕೆಲಸ ಶುರುವಾಯಿತು. ಅದನ್ನು ಕಟ್ಟಿದ್ದು ನಾವಿಬ್ಬರೇ, ನಾಲ್ಕು ತಿಂಗಳು. ಎಷ್ಟು ಎಚ್ಚರದಿಂದ ಕಟ್ಟಿದರು ಅನ್ನುವುದನ್ನು ಬರೆಯಲೇಬೇಕು.

ಕಡೂರಿನ ಗುಜರಿಯಲ್ಲಿ ಬೋರ್‌ವೆಲ್ ಮೋಟರ್ ಎತ್ತುವ ಕ್ರೇನಿನ ಉಕ್ಕಿನ ಹಗ್ಗ ಸಿಕ್ಕಿತು. ಚಿಕ್ಕಪ್ಪ ಅದನ್ನು ರಸ್ತೆಯುದ್ದಕ್ಕೂ ಬಿಡಿಸಿ, ಅಜ್ಜಿಯ ಹಳೆಯ ಸೀರೆಯ ತುಂಡನ್ನು ಸುತ್ತಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಡೆದರು. ಎಳೆ ಮುರಿದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎರಡು ಕಡೆ ಸಿಕ್ಕಿತು. ಅಷ್ಟು ಉದ್ದವನ್ನೇ ಕತ್ತರಿಸಿ ಬಿಟ್ಟರು. ತೋಟದ ಕಡೆ ದಡ ಎತ್ತರ. ಅಲ್ಲಿನ ಹುಣಸೆ ಮರಕ್ಕೆ ಒಂದು ತುದಿ, ನಮ್ಮ ಕಡೆಯ ಹಳೆಯ ಬೇವಿನ ಮರಕ್ಕೆ ಇನ್ನೊಂದು ತುದಿ. ಬುಡಕ್ಕೆ ಗೋಣಿತಾಟು ಸುತ್ತಿ ಅದರ ಮೇಲೆ ಬಿಗಿದರು. ದಡದಲ್ಲೇ ಇದ್ದ ತೆಂಗಿನ ಮರಕ್ಕೆ ಕಟ್ಟಬಹುದಿತ್ತಲ್ಲ ಅಂತ ಷಡಕ್ಷರಿಯವರು ಕೇಳಿದಾಗ, "ತೆಂಗು ಮನುಷ್ಯನ್ನ ಹೊರ್ತದೆ ಸ್ವಾಮಿ, ಪಕ್ಕಕ್ ಎಳೆದ್ರೆ ತಡೆಯಲ್ಲ" ಅಂದರು.

ತಂತಿಯ ಮೇಲೆ ಓಡಲು ಎರಡು ರಾಟೆ. ರಾಟೆಯ ಕೆಳಗೆ ಮರ ಹತ್ತುವ ಹಳೆಯ ಬೆಲ್ಟಿನ ಕೊಕ್ಕೆಗಳು. ಮೂಟೆಯನ್ನು ಅವಕ್ಕೆ ನೇತುಹಾಕುವುದು. ಓಟ ಹಿಡಿತದಲ್ಲಿರಲು ಒಂದು ನೈಲಾನ್ ಹಗ್ಗ. ಅದು ರಾಟೆಯಿಂದ ಹಿಂದಕ್ಕೆ ಹುಣಸೆ ಮರದವರೆಗೆ ಹೋಗಿ, ಅಲ್ಲಿ ಬಾವಿಯ ಗಾಲಿಯೊಂದನ್ನು ಸುತ್ತಿಕೊಂಡು, ಮತ್ತೆ ನಾಲೆ ದಾಟಿ ನನ್ನ ಕೈಗೆ ಬರುತ್ತಿತ್ತು. ಬೇವಿನ ಮರದ ಪಕ್ಕ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಪೈಪಿಗೆ ನಾನು ಆ ಹಗ್ಗವನ್ನು ಎರಡು ಸುತ್ತು ಹಾಕಿ, ಸ್ವಲ್ಪಸ್ವಲ್ಪವೇ ಬಿಡಬೇಕು. ಎರಡು ಸುತ್ತು ಇದ್ದರೆ ನನ್ನಂಥವಳೂ ಮೂಟೆಯನ್ನು ನಡುವೆಯೇ ನಿಲ್ಲಿಸಬಹುದು. ಸುತ್ತು ಇಲ್ಲದಿದ್ದರೆ ಗಟ್ಟಿ ಗಂಡಸಿನಿಂದಲೂ ಆಗುವುದಿಲ್ಲ. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದರೋ. ಖಾಲಿ ರಾಟೆಯನ್ನು ಅದೇ ಹಗ್ಗ ಜಗ್ಗಿ ನಾನು ಮೇಲಕ್ಕೆ ಕಳಿಸಿದರೆ, ಅವರು ಅದನ್ನು ಹುಣಸೆ ಮರದ ಕೊಕ್ಕೆಗೆ ಸಿಕ್ಕಿಸಿ ಮೂಟೆ ಕಟ್ಟುವರು. ಆಮೇಲೆ ನನ್ನ ಎರಡು ಎಳೆತಕ್ಕೆ ಕಾದು, ಅದು ಬಂದ ಮೇಲೆಯೇ ಆ ಕೊಕ್ಕೆ ಬಿಚ್ಚುವರು.

ನ್ಯಾಯಬೆಲೆ ಅಂಗಡಿಯ ತಕ್ಕಡಿಯಲ್ಲಿ ತಾವೇ ನಿಂತು ತೂಕ ನೋಡಿ, ಅದರ ಎರಡರಷ್ಟು ಕಲ್ಲನ್ನು ಮೂಟೆ ಕಟ್ಟಿ, ತಂತಿಯ ನಡುವೆ ಮೂರು ದಿನ ನೇತುಹಾಕಿದರು. ಚಿಕ್ಕಮ್ಮ ದಡಕ್ಕೆ ಬಂದು ನೋಡಿದರು.

"ಮರ ಸಾಲ್ದು ಅಂತ ಈಗ ಗಾಳಿ ಹತ್ತೋಕ್ ಹೊಂಟೆಯಾ?"

"ನಾನಲ್ಲ ಕಣೇ, ಕಾಯಿ."

"ಇವತ್ತು ಕಾಯಿ. ನಾಳೆ ನೀನೂ ಕೂರ್ತೀಯ. ನಂಗೊತ್ತಿಲ್ವಾ ನಿನ್ನ."

ನಾಲೆಯ ಕೆಲಸದವರೂ ಒಮ್ಮೆ ಬಂದು, ಕಾಯಿ ಮಾತ್ರ, ಜನ ಬರುವ ಹಾಗಿಲ್ಲ ಅಂದು ಹೋದರು. ಚಿಕ್ಕಪ್ಪ ಒಪ್ಪಿದರು. ಆ ಮಾತನ್ನು ಅವರು ಆಮೇಲೆ ಮುರಿದರು. ಅದನ್ನು ನಾನು ಮುಚ್ಚಿಡುವುದಿಲ್ಲ.

ನಾಲೆಗೆ ನೀರು ಬಂದ ಮೇಲೆ ಇಳಿದು ದಾಟುವುದು ನಿಂತಿತು. ಮೂಟೆಗಳು ತಂತಿಯ ಮೇಲೆ ಬರುತ್ತಿದ್ದವು, ಚಿಕ್ಕಪ್ಪ ಯಂತ್ರ ಹೆಗಲಿಗೆ ಹಾಕಿಕೊಂಡು ಸೇತುವೆ ಸುತ್ತಿ ಬರುತ್ತಿದ್ದರು. ನಲವತ್ತು ಮರ ಹತ್ತಿ ಇಳಿದ ಮೇಲೆ ಆ ದೂರ. ಮೊಣಕಾಲು ಊದಿರುತ್ತಿತ್ತು. ಆದರೂ ತಂತಿಯ ಮೇಲೆ ಕೂರಲಿಲ್ಲ. ಒಂದು ದಿನ ಸೌದೆ ಎತ್ತುವಾಗ ಚಿಕ್ಕಮ್ಮನಿಗೆ ಚೇಳು ಕುಟುಕಿತು. ನಾನು ದಡಕ್ಕೆ ಓಡಿದೆ. ಆಚೆಗೆ ಕೇಳಿಸುವಂತೆ ಕೂಗಲು ನನ್ನಿಂದ ಆಗಲಿಲ್ಲ, ಎರಡು ಕೈಯನ್ನೂ ಆಡಿಸಿದೆ. ಅವರು ನನ್ನ ಮುಖ ನೋಡಿ, ಬೆಲ್ಟನ್ನು ರಾಟೆಯ ಕೊಕ್ಕೆಗಳಿಗೆ ಸಿಕ್ಕಿಸಿ, ನನ್ನ ಎಳೆತಕ್ಕೆ ಕಾದು, ಬಂದುಬಿಟ್ಟರು. ಚಿಕ್ಕಮ್ಮ ಎರಡು ದಿನದಲ್ಲಿ ಎದ್ದು ಕೂತರು. ಆದರೆ ಒಂದು ಸಲ ಬಂದ ಮೇಲೆ ಎರಡನೆಯ ಸಲಕ್ಕೆ ಕಾರಣ ಬೇಕಾಗಲಿಲ್ಲ. ಕೆಲಸ ಮುಗಿದ ಮೇಲೆ ಕೊನೆಯ ಮೂಟೆಯ ಹಿಂದೆ ಅವರೂ ಬರಲು ಶುರು ಮಾಡಿದರು. ಕಾಲಿಡಲು ಯಂತ್ರದ ಪೆಡಲ್ಲುಗಳನ್ನೇ ನೇತುಹಾಕಿಕೊಂಡರು. ಬೇವಿನ ಮರಕ್ಕೆ ಲಾರಿಯ ಟೈರು ಕಟ್ಟಿದರು.

ಬೇರೆ ಯಾರನ್ನೂ ಕೂರಿಸಲಿಲ್ಲ. ಷಡಕ್ಷರಿಯವರು, "ನನ್ನೂ ಒಂದ್ ಸಲ ಕಳ್ಸೋ" ಅಂದರೆ, "ನಿಮ್ ತೂಕಕ್ಕೆ ಇನ್ನೊಂದು ಹುಣಸೆಮರ ಬೆಳೀಬೇಕು ಸ್ವಾಮಿ" ಅಂದು ತಪ್ಪಿಸಿಕೊಂಡರು.

ಹೋದ ವರ್ಷ ನವೆಂಬರ್ ಹದಿನಾಲ್ಕು, ಗುರುವಾರ. ಸಂಜೆ ನಾಲ್ಕು ಗಂಟೆಯ ಹೊತ್ತು. ಕೊನೆಯ ಮೂಟೆ ಬಂತು. ಇಳಿಸಿಕೊಂಡು ಖಾಲಿ ರಾಟೆಯನ್ನು ಮೇಲಕ್ಕೆ ಕಳಿಸಿದೆ. ಚಿಕ್ಕಪ್ಪ ಅದನ್ನು ಕೊಕ್ಕೆಗೆ ಸಿಕ್ಕಿಸಿದ್ದು ಕಂಡಿತು. ನಾನು ಪೈಪಿಗೆ ಎರಡು ಸುತ್ತು ಹಾಕಿದೆ. ಆಗ ಸುತ್ತುಗಳ ನಡುವೆ ಒಣಗಿದ ಜಾಲಿಯ ಮುಳ್ಳುಕಡ್ಡಿಯೊಂದು ಸಿಕ್ಕಿಕೊಂಡಿರುವುದು ನೋಡಿದೆ. ಹಗ್ಗದ ಜೊತೆ ಪೊದೆಯಿಂದ ಎಳೆದುಕೊಂಡು ಬಂದಿರಬೇಕು. ಅದು ಹಾಗೇ ಇದ್ದರೆ ಹಗ್ಗ ಒಂದರ ಮೇಲೊಂದು ಏರಿ ಸಿಕ್ಕಿಬೀಳುತ್ತದೆ, ಚಿಕ್ಕಪ್ಪ ನಡುನೀರಿನ ಮೇಲೆ ನಿಂತುಬಿಡುತ್ತಾರೆ ಅಂತ ನನಗೆ ಅನಿಸಿತು. ಅದಕ್ಕೆ ಎರಡು ಸುತ್ತನ್ನೂ ಬಿಚ್ಚಿದೆ. ಮುಳ್ಳು ಹಗ್ಗದ ಎಳೆಯೊಳಗೆ ಹೊಕ್ಕಿತ್ತು. ಕಡ್ಡಿಯನ್ನು ಕಾಲಿನಲ್ಲಿ ತುಳಿದು ಹಿಡಿದು ಹಗ್ಗವನ್ನು ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ಬಂತು.

ನಾನು ಮುಳ್ಳು ಬಿಡಿಸುತ್ತಿದ್ದೆ. ಹಗ್ಗದ ಆ ತುದಿಯಲ್ಲಿ ಇದ್ದವರಿಗೆ ಎರಡು ಎಳೆತ ಹೋಗಿತ್ತು.

ತಲೆ ಎತ್ತಿದಾಗ ಅವರ ಕಾಲು ನೆಲ ಬಿಟ್ಟಿತ್ತು. ಕೂಗಬೇಕಿತ್ತು. ಬಾಯಿ ತೆರೆದೆ, ಉಸಿರು ಮಾತ್ರ ಬಂತು. ಕೂಗಿದ್ದರೆ ಅವರು ಕೈ ಚಾಚಿ ಹುಣಸೆಯ ಕೊಂಬೆ ಹಿಡಿಯಬಹುದಿತ್ತೋ ಏನೋ. ಆ ಕೊಂಬೆ ತಂತಿಯ ಪಕ್ಕದಲ್ಲೇ ಇತ್ತು. ಅದನ್ನು ನಾನು ದಿನವೂ ನೋಡುತ್ತೇನೆ. ಹಗ್ಗವನ್ನು ಬರಿಗೈಯಲ್ಲಿ ಹಿಡಿದೆ. ಅದು ಅಂಗೈಯನ್ನು ಕುಯ್ದುಕೊಂಡು ಓಡಿತು. ನನ್ನಿಂದ ತಡೆಯಲಾಗಲಿಲ್ಲ, ಬಿಟ್ಟುಬಿಟ್ಟೆ. ಊರಿನವರು ನಾನು ಹಿಡಿದೆ ಅನ್ನುತ್ತಾರೆ. ನಾನು ಬಿಟ್ಟೆ.

ಚಿಕ್ಕಪ್ಪ ಕಾಲು ಮೇಲೆತ್ತಿ ಟೈರಿಗೆ ಒದೆಯಲು ನೋಡಿದರು. ಆದರೆ ಬೆಲ್ಟು ತಿರುಗಿ ಬೆನ್ನು ಮುಂದಾಯಿತು. ಟೈರಿನ ಪಕ್ಕಕ್ಕೆ, ಬೇವಿನ ಬುಡಕ್ಕೆ ಬಡಿದರು. ತಂತಿ ಹರಿಯಲಿಲ್ಲ. ಬೆಲ್ಟು ಬಿಚ್ಚಲಿಲ್ಲ. ಕೊಕ್ಕೆ ಬಾಗಲಿಲ್ಲ. ಅವರು ಕಟ್ಟಿದ್ದು ಒಂದೂ ಕೈಕೊಡಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ತರೀಕೆರೆಯ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಸಾಗಿಸಿದರು. ಬೆನ್ನಿನ ಕೆಳಗಿನ ಮೂಳೆ. ಸೊಂಟದಿಂದ ಕೆಳಕ್ಕೆ ಸ್ಪರ್ಶವಿಲ್ಲ, ಇನ್ನು ಬರುವುದೂ ಕಷ್ಟ ಅಂತ ಡಾಕ್ಟರು ಅಂದರು. ನಾಲ್ಕನೇ ದಿನ ಷಡಕ್ಷರಿಯವರೂ ಒಬ್ಬ ಪೊಲೀಸಿನವರೂ ಬಂದು ಮಂಚದ ಪಕ್ಕ ನಿಂತರು. ಚಿಕ್ಕಮ್ಮ ಕಾಲ ಕಡೆ, ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಗೋಡೆಯ ಕಡೆ.

"ಏನಾಯ್ತಪ್ಪ?" ಅಂತ ಪೊಲೀಸಿನವರು ಕೇಳಿದರು.

ಚಿಕ್ಕಪ್ಪ ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. "ನಂದೇ ತಪ್ಪು ಸ್ವಾಮಿ. ಹುಡುಗಿ ಎಳೆಯೋಕ್ ಮುಂಚೆನೇ ಕೊಕ್ಕೆ ಬಿಚ್ಬಿಟ್ಟೆ. ಮನೆಗ್ ಹೋಗೋ ಆತ್ರ."

"ಕುಡಿದಿದ್ದೆಯಾ?"

"ಇಲ್ಲ."

"ಲೇ ಹೊನ್ನೇಶ, ಮರಕ್ಕೆ ಮೂರ್ ಸಲ ಬಡಿಯೋನು ನೀನು, ನಿಂಗೇನ್ ಬಂದಿತ್ತೋ?" ಅಂತ ಷಡಕ್ಷರಿಯವರು ಕೇಳಿದರು.

"ಗ್ಯಾನ ತಪ್ತು. ಬಿಡಿ."

ಆಗ ನಾನು ಹೇಳಬಹುದಿತ್ತು. ಮೂರು ಹೆಜ್ಜೆ ದೂರ. ಹೇಳಲಿಲ್ಲ. ಪೊಲೀಸಿನವರು ನನ್ನ ಕೈ ನೋಡಿ, "ಧೈರ್ಯದ ಹುಡುಗಿ" ಅಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ನಾಚಿಕೆ ಅಂದುಕೊಂಡರು.

ಎರಡು ಎಳೆತ ಬಾರದೆ ಚಿಕ್ಕಪ್ಪ ಕೊಕ್ಕೆ ಮುಟ್ಟುವವರಲ್ಲ. ಹೆಂಡತಿಗೆ ಚೇಳು ಕುಟುಕಿದ ದಿನವೂ ಎಳೆತಕ್ಕೆ ಕಾದವರು. ಆದ್ದರಿಂದ ಎಳೆತ ಬಂದಿತ್ತು ಅನ್ನುವುದು ಅವರಿಗೆ ಗೊತ್ತು. ಯಾರು ಎಳೆದದ್ದು ಅನ್ನುವುದೂ ಗೊತ್ತು. ಮನೆಗೆ ಬಂದ ಮೇಲೆ ಈ ಆರು ತಿಂಗಳಲ್ಲಿ ಒಂದು ಸಲವೂ ಅದರ ಮಾತೆತ್ತಿಲ್ಲ. ದಿನಾ ಬೆಳಿಗ್ಗೆ, "ನಿನ್ ಕೈ ಹೆಂಗೈತೆ, ಮಡ್ಚು ನೋಡಣ" ಅನ್ನುತ್ತಾರೆ. ನಾನು ಮಡಚಿ ತೋರಿಸುತ್ತೇನೆ. ತಂತಿಯನ್ನು ಊರಿನವರು ಬಿಚ್ಚಿ ತಂದು ಮನೆಯ ಹಿಂದೆ ಸುರುಳಿ ಸುತ್ತಿ ಇಟ್ಟಿದ್ದಾರೆ. ಹೆಂಗಸರು ಮತ್ತೆ ತಲೆ ಮೇಲೆ ಕಾಯಿ ಹೊತ್ತು ಸೇತುವೆ ಸುತ್ತುತ್ತಾರೆ.

ನಾನು ಇನ್ನೂ ಸುಮ್ಮನೆ ಇದ್ದುಬಿಡುತ್ತಿದ್ದೆನೋ ಏನೋ. ಹೋದ ಭಾನುವಾರ ದೇವನೂರಿನ ಕಾಂತರಾಜು ಬಂದರು. ವರ್ಷಕ್ಕೆರಡು ಸಲ ಬೆಲ್ಟು ತೋರಿಸಲು ಬರುತ್ತಿದ್ದವರು. ಅಪಘಾತವಾದ ಮೇಲೆ ಬೆಲ್ಟು ಹಿಡಿದು ಬಂದವರು ಅವರೊಬ್ಬರೇ. ಚಿಕ್ಕಪ್ಪ ಹಾಸಿಗೆಯಲ್ಲೇ ದಿಂಬಿಗೆ ಒರಗಿ ಕೂತು, "ಚಿಕ್ಕಮ್ಮನ್ನ ಕರಿ, ಮೇಣ ಎಲ್ಲೈತೆ ಕೇಳು" ಅಂತ ನನಗೆ ಹೇಳಿದರು. ಅವರ ಮುಖದಲ್ಲಿ ಅಷ್ಟು ಜೀವ ನಾನು ನೋಡಿ ಬಹಳ ದಿನ ಆಗಿತ್ತು. ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡುತ್ತಾ, "ಇಲ್ ಬಿಟ್ಟೈತೆ ನೋಡು ಕಾಂತರಾಜ. ಕೈ ಕೆಲ್ಸ ತಾನೇ, ಕಾಲೇನ್ ಬೇಡ. ಜೋತುಬೀಳೋಕ್ ಮಾತ್ರ ಆಗಲ್ಲ, ಅಕ್ಷತಾನ ಬಿಡ್ತೀನಿ. ನಾಳಿದ್ದು ಬಾ" ಅಂದರು.

ಕಾಂತರಾಜು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಬೆಲ್ಟನ್ನು ಮೆಲ್ಲಗೆ ವಾಪಸ್ ಎಳೆದುಕೊಂಡರು.

"ಬೇಡ ಬಿಡಣ್ಣ. ಸುಮ್ನೆ ನೋಡ್ಕೊಂಡ್ ಹೋಗಣ ಅಂತ ಬಂದೆ."

"ಬೆಲ್ಟ್ ತಂದಿದ್ಯಲ್ಲೋ."

"ಅಭ್ಯಾಸ ಕಣಣ್ಣ, ಕೈಗ್ ಬಂತು." ಬೆಲ್ಟನ್ನು ಸುತ್ತಿಕೊಳ್ಳುತ್ತಾ, "ಮನೇಲಿ ಬೇಡ ಅಂತಾರೆ. ಎಲ್ಡು ಮಕ್ಳವೆ ನಂಗೆ. ನೀನೇ ಗ್ಯಾನ ತಪ್ತು ಅಂದ್ಯಂತೆ… ತಪ್ ತಿಳ್ಕೋಬೇಡ" ಅಂದರು.

ಚಿಕ್ಕಪ್ಪ, "ಅದೂ ಸರೀನೇ" ಅಂದರು. ಚಿಕ್ಕಮ್ಮ ಮೇಣದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಾಂತರಾಜು ಟೀ ಕುಡಿದು ಹೋದರು. ಚಿಕ್ಕಪ್ಪ ಗೋಡೆಯ ಕಡೆ ತಿರುಗಲು ನೋಡಿದರು. ಒಬ್ಬರೇ ತಿರುಗಲು ಅವರಿಂದ ಆಗುವುದಿಲ್ಲ. ಚಿಕ್ಕಮ್ಮ ಬಂದು ತಿರುಗಿಸಿದರು.

ಆವತ್ತು ನನಗೆ ಅರ್ಥವಾಯಿತು. ಅವರ ಕಾಲು ಹೋದದ್ದು ನನ್ನ ಕೈಯಿಂದ. ಅವರಿಗೆ ಉಳಿದಿರುವ ಕೆಲಸ ಹೋಗುತ್ತಿರುವುದು ನಾನು ಸುಮ್ಮನಿರುವುದರಿಂದ. ಮೊದಲನೆಯದನ್ನು ನಾನು ಬೇಕೆಂದು ಮಾಡಲಿಲ್ಲ. ಎರಡನೆಯದನ್ನು ದಿನಾ ಮಾಡುತ್ತಿದ್ದೇನೆ. ಎಚ್ಚರ ತಪ್ಪಿದವರ ಕೈಗೆ ಯಾರೂ ಬೆಲ್ಟು ಕೊಡುವುದಿಲ್ಲ. ಅವರು ಎಚ್ಚರ ತಪ್ಪಲಿಲ್ಲ. ಒಂದು ಸಲವೂ ತಪ್ಪಲಿಲ್ಲ.

ಇದನ್ನು ಬರೆಯಲು ಆರು ದಿನ ಹಿಡಿಯಿತು. ಇವತ್ತು ಶನಿವಾರ. ನಾಳೆ ಬೆಳಿಗ್ಗೆ ಚಿಕ್ಕಮ್ಮ ಅವರನ್ನು ಹಲಸಿನ ಮರದ ಕೆಳಗೆ ಕೂರಿಸಿದ ಮೇಲೆ, ನಾನು ಎದುರಿಗೆ ನಿಂತು ಇದನ್ನು ಮೊದಲಿನಿಂದ ಕೊನೆಯವರೆಗೆ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದುತ್ತೇನೆ. ಅವರು ಬೇಡ ಅಂದರೂ ಸೋಮವಾರ ಗುರುಶಾಂತಮ್ಮ ಮೇಡಂ ಕೈಗೆ ಕೊಡುತ್ತೇನೆ. ಆಮೇಲೆ ಬಸ್ಸಿನಲ್ಲಿ ದೇವನೂರಿಗೆ ಹೋಗಿ ಕಾಂತರಾಜು ಅವರ ಬೆಲ್ಟನ್ನು ಕೇಳಿ ತರುತ್ತೇನೆ.